ನೆರಳಿನ ಅಳತೆ ತೆಗೆದ ಟೈಲರಮ್ಮ

ಟೈಲರಮ್ಮನನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ವರಾಂಡದಲ್ಲಿ. ಕೊರಳಿಗೆ ಟೇಪು ಹಾಕಿಕೊಂಡು ಸಮವಸ್ತ್ರದ ಅಳತೆಗೆ ಬಂದಿದ್ದರು. ಮೂವತ್ತೆಂಟು ಮಕ್ಕಳ ಅಳತೆಯನ್ನು ಒಂದಕ್ಷರವೂ ಬರೆದುಕೊಳ್ಳದೆ ತಲೆಯಲ್ಲಿಟ್ಟುಕೊಂಡು ಹೋದರು. ಹದಿನೈದು ದಿನಕ್ಕೆ ಬಟ್ಟೆ ಬಂತು. ಒಂದು ತೋಳೂ ಹೆಚ್ಚುಕಡಿಮೆಯಾಗಿರಲಿಲ್ಲ. ನಾನು ಬೆರಗಾಗಿ ಹೊಗಳಿದರೆ, "ತಡವಾಯ್ತು ಅಂತ ಬಯ್ಯಿರಿ ಮೇಷ್ಟ್ರೇ. ಕರೆಂಟು ಇದ್ದಿದ್ರೆ ಇದು ವಾರದ ಕೆಲಸ," ಎಂದರು.

ಆ ಕರೆಂಟಿನ ಕಾಟಕ್ಕೇ ಅವರು ಮನೆಯ ಮೇಲೆ ಸೋಲಾರ್ ಹಾಕಿಸಿದ್ದು. ಹಾಕಲು ಬಂದವನ ಬೆನ್ನ ಹಿಂದೆಯೇ ನಿಂತು, ಯಾವ ತಂತಿ ಎಲ್ಲಿಗೆ ಹೋಯಿತೆಂದು ನೋಡಿಕೊಂಡರಂತೆ. ಅದು ಕೆಟ್ಟಾಗ ತಾವೇ ಬಿಚ್ಚಿ ಸರಿಮಾಡಿದರು. ಪಕ್ಕದ ಮನೆಯವರು ಕರೆದರು, ಅವರ ಪಕ್ಕದವರೂ ಕರೆದರು. ಮೂರು ತಿಂಗಳ ತರಬೇತಿಗೆ ಹೋಗಿಬಂದ ಮೇಲೆ ಹೊಲಿಗೆ ಅಂಗಡಿಯ ಬೋರ್ಡಿನಲ್ಲಿ ಹೊಸದೊಂದು ಸಾಲು ಸೇರಿತು: ಇಲ್ಲಿ ಸೋಲಾರ್ ಹಾಕಿಕೊಡಲಾಗುತ್ತದೆ.

ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ನಮ್ಮ ಆರೋಗ್ಯ ಕೇಂದ್ರದ್ದು. ಮಕ್ಕಳ ಲಸಿಕೆ ಇಡುವ ಫ್ರಿಜ್ಜು ಹಗಲಿರುಳು ನಡೆಯಬೇಕು. ತಾರಸಿಯ ಮೇಲೆ ಆರು ಸೋಲಾರ್ ಫಲಕಗಳನ್ನು ಕೂರಿಸಿದರು. ಐದನೆಯ ದಿನ ಬೆಳಿಗ್ಗೆ ನೋಡಿದರೆ ಫ್ರಿಜ್ಜು ನಿಂತಿದೆ, ಬ್ಯಾಟರಿ ಬರಿದಾಗಿದೆ. ನಾನು ಮೊಮ್ಮಗಳನ್ನು ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗ ನರ್ಸಮ್ಮ ಲಸಿಕೆಗಳನ್ನು ಐಸ್ ಪೆಟ್ಟಿಗೆಗೆ ತುಂಬುತ್ತ, ಎದುರು ನಿಂತ ಟೈಲರಮ್ಮನಿಗೆ ಹೇಳುತ್ತಿದ್ದರು:

"ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಟೈಲರಮ್ಮ. ಆದ್ರೆ ಲಸಿಕೆ ನಿಮ್ಮ ಮುಖ ನೋಡಿ ತಣ್ಣಗಿರಲ್ವಲ್ಲ! ಮೂರು ದಿನ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಎಲ್ಲಾ ಇಳಿಸಿಬಿಡಿ."

ಇಳಿಸಿದರೆ ಮುಂದೆ ಯಾರೂ ಅವರನ್ನು ತಮ್ಮ ತಾರಸಿ ಹತ್ತಿಸುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ತಂತಿಗಳೆಲ್ಲ ಸರಿಯಾಗಿದ್ದವು. ಮರುದಿನ ಬೆಳಗಾಗುತ್ತಲೇ ತಾರಸಿ ಹತ್ತಿ ಕುಳಿತವರು ಇಳಿಯಲೇ ಇಲ್ಲ. ನೀರಿನ ಬಾಟಲಿ ತಂದ ಅವರ ಅತ್ತೆ ಕೆಳಗಿನಿಂದ ಕೂಗಿದರು:

"ಏನೇ ಮಾಡ್ತಿದ್ದೀಯ ಅಲ್ಲಿ, ಬೆಳಿಗ್ಗೆಯಿಂದ?"

"ನೆರಳಿನ ಅಳತೆ ತೆಗೀತಿದ್ದೀನಿ ಅತ್ತೆ!"

"ಅದಕ್ಕೂ ಅಂಗಿ ಹೊಲೀತೀಯಾ?"

ಮಧ್ಯಾಹ್ನ ಮೂರರ ಹೊತ್ತಿಗೆ ಕುತೂಹಲ ತಡೆಯಲಾರದೆ ನಾನೂ ಮೆಟ್ಟಿಲು ಹತ್ತಿದೆ. ನೀರಿನ ಟ್ಯಾಂಕಿನ ನೆರಳು ಗಂಟೆಗಂಟೆಗೂ ಎಲ್ಲಿಗೆ ಸರಿಯಿತೋ ಅಲ್ಲಲ್ಲಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅದರ ಅಂಚನ್ನು ಬರೆದಿದ್ದರು. ನೆಲದ ತುಂಬ ನೀಲಿ ಗೆರೆಗಳು, ಒಂದರ ಮೇಲೊಂದು ಹಾಸಿದ ಎಸಳುಗಳಂತೆ. ಭೂಮಿ ತಿರುಗುತ್ತದೆಂದು ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ನಾನು. ಅದು ತಿರುಗಿದ್ದನ್ನು ಕಣ್ಣಾರೆ ಕಂಡದ್ದು ಅಂದೇ.

ಕೊನೆಯ ಗೆರೆ ಆರನೆಯ ಫಲಕದ ಮೇಲೆ ಹತ್ತಿತ್ತು. ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲೇ ಸೊರಗಿ ಬ್ಯಾಟರಿ ತುಂಬುವುದಿಲ್ಲವಂತೆ.

"ತಪ್ಪು ನಂದೇ ಮೇಷ್ಟ್ರೇ," ಎಂದರು ಟೈಲರಮ್ಮ. "ಬಟ್ಟೇಲಿ ಒಂದು ಚೂರೂ ದಂಡ ಆಗಬಾರದು ಅಂತ ಕತ್ತರಿಸಿ ಕತ್ತರಿಸಿ ಅಭ್ಯಾಸ. ತಾರಸೀನೂ ಹಾಗೇ ಲೆಕ್ಕ ಹಾಕಿಬಿಟ್ಟೆ. ಟ್ಯಾಂಕಿನ ಬುಡದ ಮೂಲೇನೂ ಬಿಡಲಿಲ್ಲ ನೋಡಿ."

ಸಂಜೆಯೊಳಗೆ ಆ ಫಲಕ ನೆರಳು ಬೀಳದ ವರಾಂಡದ ಮಾಡಿನ ಮೇಲಕ್ಕೆ ಇಳಿಯಿತು. ಎರಡು ದಿನ ಕಳೆದು ಬೆಳಿಗ್ಗೆ ನರ್ಸಮ್ಮ ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ಕೈಯಿಟ್ಟರು. ಆಮೇಲೆ ಐಸ್ ಪೆಟ್ಟಿಗೆಯಲ್ಲಿದ್ದ ಲಸಿಕೆಗಳನ್ನು ಮತ್ತೆ ಫ್ರಿಜ್ಜಿನೊಳಗೆ ಜೋಡಿಸತೊಡಗಿದರು. ಉಳಿದ ಆರೋಗ್ಯ ಕೇಂದ್ರಗಳಿಗೆ ಫೋನು ಮಾಡಿ ಟೈಲರಮ್ಮನ ವಿಷಯ ಹೇಳಿದವರೂ ಅವರೇ.

ಈಗ ಟೈಲರಮ್ಮನ ಜೊತೆ ಐವರು ಹೆಂಗಸರು ದುಡಿಯುತ್ತಾರೆ. ಇಡೀ ಒಂದು ಹಗಲು ತಾರಸಿಯಲ್ಲಿ ಕೂರದೆ ಯಾರೂ ಒಂದು ಸ್ಕ್ರೂ ತಿರುಗಿಸುವಂತಿಲ್ಲ. ಈ ವಾರ ಒಂಬತ್ತನೆಯ ಕೇಂದ್ರದ ಕೆಲಸ ನಡೆದಿದೆ. ಮೊನ್ನೆ ಅತ್ತ ಹೋದಾಗ, ಮೊದಲು ತರಕಾರಿ ಮಾರುತ್ತಿದ್ದ ಹೆಂಗಸೊಬ್ಬಳು ಮೇಲೆ ನಿಂತು ತನ್ನ ಮೊದಲ ಫಲಕ ಕೂರಿಸುತ್ತಿದ್ದಳು. ಟೈಲರಮ್ಮ ಕೆಲಸವನ್ನು ಅವಳಿಗೇ ಬಿಟ್ಟು, ಕೆಳಗೆ ಅಂಗಳದಲ್ಲಿ ನಿಂತು, ಕತ್ತೆತ್ತಿ ನೋಡುತ್ತಿದ್ದರು.