ದೀಪಕ್ಕೆ ಹಳದಿ ಬಳಿಯುವ ವಿನ್ನಿ

ಡೋವರ್ ಬಂದರಿನಲ್ಲಿ, ಫ್ರಾನ್ಸಿಗೆ ಹೋಗುವ ಹಡಗು ಹತ್ತಲು ಕಾರುಗಳು ಸಾಲುಗಟ್ಟುವ ಜಾಗದ ಪಕ್ಕದಲ್ಲೇ ವಿನಿಫ್ರೆಡ್ ಹಾಗ್ಬೆನ್‌ಳ ಮರದ ಗೂಡಂಗಡಿ. ಬಂದರಿನವರಿಗೆಲ್ಲ ಅವಳು ವಿನ್ನಿ. ವಯಸ್ಸು ಐವತ್ತೊಂಬತ್ತು, ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿ. ಹದಿನೇಳು ವರ್ಷದಿಂದ ಅವಳ ಕೆಲಸ ಒಂದೇ: ಇಂಗ್ಲೆಂಡಿನ ಕಾರಿನ ದೀಪಗಳನ್ನು ಫ್ರಾನ್ಸಿನ ರಸ್ತೆಗೆ ಒಗ್ಗಿಸುವುದು.

ಇಲ್ಲಿ ಗಾಡಿ ಓಡುವುದು ಎಡಬದಿಯಲ್ಲಿ. ಎದುರಿನವರಿಗೆ ಚುಚ್ಚದಂತೆ ದೀಪವನ್ನು ತಗ್ಗಿಸಿದರೆ, ಅಂದರೆ ಡಿಪ್ ಮಾಡಿದರೆ, ಬೆಳಕು ಎಡಕ್ಕೆ ವಾಲಿ ರಸ್ತೆಯ ಅಂಚನ್ನು ತೋರಿಸುತ್ತದೆ. ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸಿಗೆ ಹೋದರೆ ಎಲ್ಲ ಉಲ್ಟಾ, ಗಾಡಿ ಓಡುವುದು ಬಲಬದಿಯಲ್ಲಿ. ಅದೇ ಬೆಳಕು ಎದುರಿನವನ ಕಣ್ಣು ಕುಕ್ಕುತ್ತದೆ. ಆದ್ದರಿಂದ ದೀಪದ ಗಾಜಿನ ಮೇಲೆ, ಎಡಕ್ಕೆ ಬೆಳಕು ಚೆಲ್ಲುವ ಕಡೆಗೆ, ಒಂದು ಕಪ್ಪು ಪಟ್ಟಿ ಅಂಟಿಸಬೇಕು. ಸಾಲದ್ದಕ್ಕೆ ಫ್ರಾನ್ಸಿನ ಕಾರುಗಳಿಗೆ ಕಾನೂನಿನ ಪ್ರಕಾರ ಹಳದಿ ದೀಪ. ಬಿಳಿ ದೀಪದವರು ಹೋದರೆ ಎದುರು ಬರುವವರೆಲ್ಲ ದೀಪ ಮಿಟುಕಿಸಿ ಶಾಪ ಹಾಕುತ್ತಾರೆ. ಅದಕ್ಕೇ ಅವಳ ಬಳಿ ಒಂದು ಡಬ್ಬಿ ಹಳದಿ ಬಣ್ಣ ಮತ್ತು ಒಂದು ಬ್ರಷ್. ಊರಿಗೆ ಮರಳಿದ ಮೇಲೆ ಸ್ಪಿರಿಟ್ ಹಾಕಿ ಉಜ್ಜಿದರೆ ಆ ಬಣ್ಣ ಹೋಗುತ್ತದೆ.

ಹಳೆಯ ಸ್ಪೋರ್ಟ್ಸ್ ಕಾರುಗಳೆಂದರೆ ವಿನ್ನಿಗೆ ಒಂದು ಕೈ ಹೆಚ್ಚು ಪ್ರೀತಿ. ಅವುಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಸ್ಟಿಯರಿಂಗ್ ಪಕ್ಕದ ಗುಬ್ಬಿಗಳ, ಅಂದರೆ ಎಳೆಯುವ ಒತ್ತುವ ನಾಬ್‌ಗಳ, ಮೇಲೆ ಅಕ್ಷರವಿಲ್ಲ, ಗುರುತಿಲ್ಲ. ದೀಪವೆಂದು ಎಳೆದರೆ ವೈಪರ್ ಕುಣಿಯುತ್ತದೆ, ವೈಪರ್ ಎಂದು ಒತ್ತಿದರೆ ಹಾರ್ನ್ ಕಿರುಚುತ್ತದೆ. ಮಾವನದೋ ಭಾವನದೋ ಕಾರು ಎರವಲು ತಂದವರು ಬೆವರುತ್ತ ಕೂತಿರುವಾಗ ವಿನ್ನಿ ಕಿಟಕಿಯೊಳಗೆ ತಲೆ ಹಾಕುವಳು.

"ಡಿಪ್ ಎಲ್ಲಿದೆ ಅಂತ ಕೈಯಲ್ಲಿ ಹುಡುಕ್ತಾ ಇದ್ದೀರಲ್ಲ ಸ್ವಾಮಿ, ಅದು ಕಾಲಲ್ಲಿದೆ. ಕ್ಲಚ್ಚಿನ ಎಡಕ್ಕೆ ನೆಲದಲ್ಲಿ ಗುಂಡಗೆ ಒಂದು ಬಟನ್ ಇದೆ ನೋಡಿ. ತುಳೀರಿ. ಹಾಂ, ನಿಮ್ಮ ಹೆಂಡತಿ ಕಾಲಲ್ಲ!"

ಈ ವಿದ್ಯೆ ಕಲಿಸಿದ್ದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ರೆಜ್. ಅವನು ತೀರಿಕೊಂಡ ಮೇಲೆ ಅದೇ ಅವಳ ಅನ್ನವಾಯಿತು. ರೆಜ್ ಹೇಳಿಕೊಟ್ಟ ಒಂದು ಪದ್ಧತಿಯಿತ್ತು: ಮೊದಲು ಗೂಡಿನ ಎದುರಿನ ಬಿಳಿ ಗೋಡೆಗೆ ದೀಪದ ಬೆಳಕು ಬಿಡು, ಬೆಳಕು ಯಾವ ಕಡೆಗೆ ವಾಲುತ್ತದೆ ನೋಡು, ಆಮೇಲೆ ಪಟ್ಟಿ ಅಂಟಿಸು. ಸಾವಿರಾರು ಕಾರಿಗೆ ಹೀಗೆ ಮಾಡಿದ ವಿನ್ನಿ ತಾನು ಮಾತ್ರ ಒಮ್ಮೆಯೂ ಫ್ರಾನ್ಸ್ ನೋಡಲಿಲ್ಲ. ಸ್ನಾನದ ತೊಟ್ಟಿಯಲ್ಲಿ ಕೂತರೂ ತನಗೆ ವಾಂತಿ ಬರುತ್ತದೆ ಎಂದು ಹೇಳಿಕೊಳ್ಳುತ್ತಿದ್ದಳು.

ಎಂಬತ್ನಾಲ್ಕರ ಅಕ್ಟೋಬರ್ ಕೊನೆಯ ಗುರುವಾರ. ನಾಲ್ಕರ ಹಡಗಿಗೆ ಕೊನೆಯ ಸಾಲು ಹೊರಡುವ ಹೊತ್ತಿಗೆ ಹಸಿರು ಬಣ್ಣದ ಪುಟ್ಟ ಸ್ಪೋರ್ಟ್ಸ್ ಕಾರೊಂದು ಗೂಡಿನ ಮುಂದೆ ನಿಂತಿತು. ಒಳಗೆ ಇಪ್ಪತ್ತೈದರ ಹುಡುಗಿ. ಹೆಸರು ಹೆಸ್ಟರ್, ಹತ್ತಿರದ ಆಶ್‌ಫರ್ಡ್‌ನವಳು.

"ಬೇಗ ಮಾಡಿ ಕೊಡ್ತೀರಾ? ಇವತ್ತು ರಾತ್ರೀನೇ ಫ್ರಾನ್ಸಿನ ರೂಆನ್ ಸೇರ್ಬೇಕು. ನಾಡಿದ್ದು ಗೆಳತಿ ಮದುವೆ."

ಸಾಲು ನೋಡಿಕೊಳ್ಳುವ ಲೆನ್ ಫ್ಯಾಗ್ ಆಗಲೇ ಕೈ ಬೀಸುತ್ತಿದ್ದ. "ವಿನ್ನಿ, ಸಾಕು ಬಾರೇ! ಹಡಗೇನು ನಿಮ್ಮಪ್ಪನ ಮನೇದಾ, ಕಾಯೋಕೆ?"

"ದೀಪ ಹಾಕ್ಲಾ?" ಎಂದು ಹೆಸ್ಟರ್ ಅಳುಕುತ್ತ ಗುಬ್ಬಿಗಳ ಕಡೆ ನೋಡಿದಳು.

"ಬೇಡ ಬಿಡು ಮಗಳೇ. ಈ ಕಾರು ನನಗೆ ನಿದ್ದೆಗಣ್ಣಲ್ಲೂ ಗೊತ್ತು."

ಸ್ಟಿಯರಿಂಗ್ ಬಲಕ್ಕಿದೆ, ಇಂಗ್ಲೆಂಡಿನ ಕಾರು, ಇನ್ನೇನು ನೋಡುವುದು? ಪಟ್ಟಿ ಅಂಟಿಸಿದಳು, ಹಳದಿ ಬಳಿದಳು. ಹುಡುಗಿ ಏನೋ ಹೇಳುತ್ತಲೇ ಇದ್ದಳು, ವಿನ್ನಿ ಹೂಂಗುಟ್ಟುತ್ತಲೇ ಇದ್ದಳು. ಕಾರು ಹಡಗಿನ ಹೊಟ್ಟೆಯೊಳಗೆ ಹೋಯಿತು.

ಐದೂವರೆಗೆ ಚಹಾದ ಮಗ್ ಹಿಡಿದು ಕೂತಾಗ ಹುಡುಗಿ ಹೇಳಿದ್ದ ಮಾತು ಅವಳ ಕಿವಿಗೆ ಆಗ ತಲುಪಿತು. "ನಮ್ಮ ಚಿಕ್ಕಪ್ಪ ಇದನ್ನ ಕ್ಯಾಲಿಫೋರ್ನಿಯಾದಿಂದ ತರಿಸಿದ್ದು. ಸ್ಟಿಯರಿಂಗನ್ನ ಅವರೇ ಈ ಕಡೆಗೆ ಬದಲಾಯಿಸಿದ್ರು."

ವಿನ್ನಿ ಮಗ್ ಕೆಳಗಿಟ್ಟಳು. ಸ್ಟಿಯರಿಂಗ್ ಬದಲಾಯಿಸಿದವನು ದೀಪ ಬದಲಾಯಿಸಿದ್ದಾನೆಯೇ? ಇಲ್ಲವಾದರೆ ಅವು ಅಮೆರಿಕದ ದೀಪಗಳು. ಮೊದಲೇ ಬಲಕ್ಕೆ ವಾಲುವಂಥವು, ಫ್ರಾನ್ಸಿಗೆ ಹೇಳಿ ಮಾಡಿಸಿದಂಥವು. ಸರಿಯಾಗಿದ್ದ ಬೆಳಕನ್ನು ಅವಳೇ ಕತ್ತರಿಸಿ, ಮೇಲೆ ಬಣ್ಣವನ್ನೂ ಬಳಿದು, ಆ ಮಗುವನ್ನು ಕತ್ತಲ ರಸ್ತೆಗೆ ಒಬ್ಬಳನ್ನೇ ಕಳಿಸಿದ್ದಳು.

ಮೊಣಕಾಲು ನೋವು ಮರೆತು ಲೆನ್ ಬಳಿ ಓಡಿದಳು. ಇಬ್ಬರೂ ಬಂದರಿನ ಕಚೇರಿಗೆ ನುಗ್ಗಿ ಹಡಗಿಗೆ ಸುದ್ದಿ ಕೊಡಿಸಿದರು. ಉತ್ತರ ಬರಲು ಹತ್ತು ನಿಮಿಷ. ಹಡಗು ಆಗಲೇ ಫ್ರಾನ್ಸಿನ ಬಂದರು ಕ್ಯಾಲೇ ತಲುಪಿತ್ತು, ಕಾರುಗಳೆಲ್ಲ ಇಳಿದು ಹೋಗಿದ್ದವು.

"ಚಿಕ್ಕಪ್ಪ ದೀಪಾನೂ ಬದಲಾಯಿಸಿರ್ತಾನೆ ಬಿಡೇ," ಎಂದ ಲೆನ್.

"ಗೋಡೆಗೆ ಬೆಳಕು ಬಿಟ್ಟು ನೋಡಿದ್ರೆ ಗೊತ್ತಾಗ್ತಿತ್ತು ಲೆನ್. ಅರ್ಧ ನಿಮಿಷದ ಕೆಲಸ. ನಾನು ನೋಡ್ಲಿಲ್ಲ."

ಅವಸರ ಮಾಡಿದ್ದು ತಾನೇ ಎಂಬುದು ಲೆನ್‌ಗೂ ನೆನಪಿತ್ತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಮುಂದಿನ ಮೂರು ದಿನ ವಿನ್ನಿ ಬದುಕಿದ್ದು ರೇಡಿಯೋದ ವಾರ್ತೆಯಿಂದ ವಾರ್ತೆಗೆ. ಶುಕ್ರವಾರ ಲೆನ್ ತಂದುಕೊಟ್ಟ ಮೀನು-ಚಿಪ್ಸ್ ಕಾಗದದಲ್ಲೇ ತಣ್ಣಗಾಯಿತು. ಬಂದ ಒಂದೊಂದು ಕಾರಿಗೂ ಗೋಡೆಗೆ ಬೆಳಕು ಬಿಟ್ಟು, ಎರಡು ಸಲ ನೋಡಿ, ಮತ್ತೆ ಬಿಡುತ್ತಿದ್ದಳು. ಚರ್ಚಿನ ಕಡೆ ತಲೆ ಹಾಕಿಯೂ ಮಲಗದವಳು ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದಳು. ಏನು ಬೇಡಿಕೊಂಡಳೋ ಯಾರಿಗೂ ಹೇಳಲಿಲ್ಲ, ಹೇಳುವುದೇನು, ಎಲ್ಲರಿಗೂ ಗೊತ್ತಿತ್ತು.

ಸೋಮವಾರ ಬೆಳಗಿನಿಂದ ಹಡಗಿನ ಬಾಯಿಯನ್ನೇ ನೋಡುತ್ತ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಮಧ್ಯಾಹ್ನ ನಾಲ್ಕಕ್ಕೆ ಇಳಿಯುವ ಸಾಲಿನಲ್ಲಿ ಹಸಿರು ಮೂತಿಯೊಂದು ಕಂಡಿತು. ಮೂತಿ ನಜ್ಜಾಗಿರಲಿಲ್ಲ. ಹಳದಿ ದೀಪ ಎರಡೂ ಹಾಗೇ ಇದ್ದವು. ವಿನ್ನಿಗೆ ಹೋದ ಜೀವ ಬಂದಂತಾಯಿತು. ಬ್ರಷ್ ಹಿಡಿದುಕೊಂಡೇ ಸಾಲಿನ ನಡುವೆ ನುಗ್ಗಿ ಕಾರಿಗೆ ಅಡ್ಡ ನಿಂತಳು.

ಹೆಸ್ಟರ್ ಗಾಬರಿಯಾಗಿ ಕಿಟಕಿ ಇಳಿಸಿದಳು. "ಏನಾಯ್ತು ಮಿಸೆಸ್ ಹಾಗ್ಬೆನ್?"

"ಗುರುವಾರ ರಾತ್ರಿ ನೀನು ಹೇಗೆ ಹೋದೆ? ರಸ್ತೆ ಕಾಣಿಸ್ತಾ?"

ಹುಡುಗಿಯ ಮುಖ ಕೆಂಪಾಯಿತು. "ಯಾರಿಗೂ ಹೇಳ್ಬೇಡಿ. ಆ ರಾತ್ರಿ ನಾನು ಹೋಗ್ಲೇ ಇಲ್ಲ. ದೀಪ ಹೇಗೆ ಹಚ್ಚೋದು ಅಂತಾನೇ ನಂಗೆ ಗೊತ್ತಾಗ್ಲಿಲ್ಲ! ಒಂದು ಗುಬ್ಬಿ ಎಳೆದೆ, ವೈಪರ್ ಬಂತು. ಇನ್ನೊಂದು ಎಳೆದೆ, ಬಾನೆಟ್ಟೇ ತೆರ್ಕೊಂಡ್ಬಿಡ್ತು. ಕ್ಯಾಲೇಲೇ ರೂಮ್ ಮಾಡಿ ಮಲಗಿಬಿಟ್ಟೆ. ನಾಲ್ಕು ದಿನಾನೂ ಕೋಳಿ ಥರ, ಬೆಳಕಿದ್ದಾಗ ಓಡಾಟ, ಕತ್ತಲಾದ್ರೆ ಗೂಡು."

ವಿನ್ನಿ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಏಪ್ರನ್ನಿನ ಚುಂಗಿನಲ್ಲಿ ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಳದಿ ಮೆತ್ತಿಕೊಂಡಳು.

"ಅದ್ಸರಿ, ಇವತ್ತು ಗಡಿಯಾರ ಏನು ಹೇಳ್ತಾ ಇದೆ ನೋಡಿದ್ಯಾ?" ಎಂದು ಪಕ್ಕದಿಂದ ಲೆನ್ ಹುಡುಗಿಯನ್ನು ಕೇಳಿದ. ಭಾನುವಾರವಷ್ಟೇ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಿಟ್ಟಿದ್ದರು. ಇನ್ನು ಮುಕ್ಕಾಲು ಗಂಟೆಯಲ್ಲಿ ಕತ್ತಲು. ಹೆಸ್ಟರ್‌ಳ ಮುಖ ಬಿಳಿಚಿತು. ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಬೇಕಿತ್ತು.

ಕಾರನ್ನು ಬಿಳಿ ಗೋಡೆಯೆದುರು ನಿಲ್ಲಿಸಿದರು. ವಿನ್ನಿ ಚಾಲಕಿಯ ಕಡೆ ಇದ್ದದ್ದನ್ನೆಲ್ಲ ಎಳೆದಳು, ಒತ್ತಿದಳು, ತಿರುವಿದಳು. ಆಮೇಲೆ ಪಕ್ಕದ ಸೀಟಿನ ಕಡೆ ಬಗ್ಗಿ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ದೀಪದ ಗುಬ್ಬಿ ಅಲ್ಲಿತ್ತು. ಡಿಪ್ ಬಟನ್ ಕೂಡ ಅಲ್ಲೇ, ಪಕ್ಕದಲ್ಲಿ ಕೂರುವವರ ಕಾಲಡಿ. ಚಿಕ್ಕಪ್ಪ ಸ್ಟಿಯರಿಂಗನ್ನು ಈ ಕಡೆಗೆ ತಂದು, ದೀಪಕ್ಕೆ ಸೇರಿದ್ದನ್ನೆಲ್ಲ ಆ ಕಡೆಗೇ ಬಿಟ್ಟು ಕೈತೊಳೆದುಕೊಂಡಿದ್ದ.

ಪಟ್ಟಿ ಕಿತ್ತು, ಹಳದಿ ಉಜ್ಜಿ, ದೀಪ ಬಿಟ್ಟು ನೋಡಿದರು. ಗೋಡೆಯ ಮೇಲೆ ಬೆಳಕು ಬಲಕ್ಕೇ ವಾಲಿತು.

ವಿನ್ನಿ ಆಗ ಎಲ್ಲವನ್ನೂ ಹೇಳಿದಳು. ಮುಚ್ಚಿಡಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೂ ಹೇಳಿದಳು. "ತಪ್ಪು ನಂದೇ ಮಗಳೇ. ಜಂಬ ಪಟ್ಟೆ. ನೀನು ದೀಪ ಹಚ್ಚಿಕೊಂಡು ಹೋಗಿದ್ರೆ ಏನಾಗ್ತಿತ್ತೋ. ಕೆಲಸ ಅರ್ಧಕ್ಕೆ ಬಿಟ್ಟ ನಿಮ್ಮ ಚಿಕ್ಕಪ್ಪನೇ ನಿನ್ನನ್ನ ಉಳಿಸಿದ, ನನ್ನನ್ನೂ ಉಳಿಸಿದ. ಸಿಕ್ಕಿದ್ರೆ ಕಿವಿ ಹಿಂಡಿ ಮುತ್ತು ಕೊಡ್ತೀನಿ."

ಹೆಸ್ಟರ್ ವಿನ್ನಿಯ ಕೆನ್ನೆಯ ಹಳದಿಯನ್ನು ಕರವಸ್ತ್ರದಲ್ಲಿ ಒರೆಸಿದಳು. "ಮೂರು ದಿನ ನೀವು ಹೀಗೇ ಹೆದರ್ಕೊಂಡು ಇದ್ರಾ?" ಎಂದಳು. ಅಷ್ಟೇ ಕೇಳಿದ್ದು.

ವಿನ್ನಿ ಹೊಸ ಪಟ್ಟಿ ಕತ್ತರಿಸಿ, ಈ ಸಲ ಬಲಕ್ಕೆ ವಾಲುವ ಬೆಳಕನ್ನು ಮುಚ್ಚುವ ಹಾಗೆ ಅಂಟಿಸಿದಳು. ಊರಿಗೆ ಮರಳುವವರ ದೀಪಕ್ಕೆ ಅವಳು ಪಟ್ಟಿ ಹಾಕಿದ್ದು ಹದಿನೇಳು ವರ್ಷದಲ್ಲಿ ಅದೊಂದೇ ಸಲ. ಗೋಡೆಗೆ ಬೆಳಕು ಬಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಗೂಡಿಗೆ ಬೀಗ ಹಾಕಿ, ಕೋಟು ತೊಟ್ಟು, ಮೊಣಕಾಲು ಹಿಡಿದುಕೊಂಡು ಆ ತಗ್ಗು ಸೀಟಿಗೆ ಇಳಿದು ಕೂತಳು.

"ಎಲ್ಲಿಗೆ ಹೊರಟೆಯೇ?" ಎಂದ ಲೆನ್.

"ಆಶ್‌ಫರ್ಡ್‌ಗೆ. ವಾಪಸು ಬಸ್ಸಲ್ಲಿ ಬರ್ತೀನಿ. ಇವಳು ಓಡಿಸ್ಲಿ, ಎದುರಿಗೆ ಗಾಡಿ ಬಂದಾಗಲೆಲ್ಲ ಡಿಪ್ ತುಳಿಯೋಕೆ ಇಲ್ಲೊಂದು ಕಾಲು ಬೇಕಲ್ಲ!"