ಒಣಗಿದ ಮೇಲಿನ ಬಣ್ಣ

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ನೋಡಲು ಬಂದವರಿಗೆ ಮೊದಲು ಕುಡಿಯಲು ನೀರು ಕೊಡುತ್ತೇವೆ, ಆಮೇಲೆ ಕಲ್ಲಿನ ಮೇಲೆ ನೀರು ಹಾಕುತ್ತೇವೆ. ಎರಡಕ್ಕೂ ಚೆಂಬು ಬೇರೆ ಬೇರೆ. ಗದ್ದಲದ ದಿನ ಅದಲುಬದಲಾಗುವುದೂ ಉಂಟು. ನೀಲಿ ಫರಸಿ ಒಣಗಿದ್ದಾಗ ಒಲೆಯ ಬೂದಿಯಂತೆ ಕಾಣುತ್ತದೆ. ಒಂದು ಚೆಂಬು ನೀರು ಬಿದ್ದರೆ ಸಾಕು, ಮೋಡ ಕಟ್ಟಿದ ಆಕಾಶದ ಬಣ್ಣ ಬರುತ್ತದೆ. ಪಾಲಿಶ್ ಆದ ಮೇಲೆ ಕಲ್ಲು ಹೀಗೇ ಕಾಣುತ್ತದೆ ಎಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಜಹೀರಾಬಾದಿನಿಂದ ಬಂದವರಿಗೂ ಗೊತ್ತು, ಬಶೀರಾಬಾದಿನಿಂದ ಬಂದವರಿಗೂ ಗೊತ್ತು.

ಹದಿನೇಳು ವರ್ಷ ನಾನು ಪಾಲಿಶ್ ಕಾರ್ಖಾನೆಯೊಂದರ ಅಂಗಳದಲ್ಲಿ ಹೀಗೆ ನೀರು ಹಾಕುತ್ತ, ಲಾರಿಗೆ ಏರಿದ ಕಲ್ಲುಗಳನ್ನು ಎಣಿಸಿ ಚೀಟಿ ಬರೆಯುತ್ತ ಕಳೆದಿದ್ದೇನೆ. ಅಂಗಳದ ಮೂಲೆಯಲ್ಲಿ ಗಾಜಿನ ಕೋಣೆ ಇದೆ. ಹೊರದೇಶದ ಗಿರಾಕಿಗಳೊಡನೆ ಫೋನಿನಲ್ಲಿ ಮಾತನಾಡುವವರು ಅಲ್ಲಿ ಕೂರುತ್ತಾರೆ. ಒಳಗೆ ಧೂಳು ಬರುವುದಿಲ್ಲ. ನಲವತ್ತು ದಾಟಿದ ಮೇಲೆ ನನಗೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಧೂಳಿನಿಂದ ದೂರ ಇರ್ರಿ" ಅಂದರು. ಕಲ್ಲಿನ ಊರಿನಲ್ಲಿ ಧೂಳಿನಿಂದ ದೂರ ಇರುವ ಜಾಗ ನನಗೆ ಗೊತ್ತಿದ್ದದ್ದು ಆ ಗಾಜಿನ ಕೋಣೆಯೊಂದೇ. ಅಲ್ಲಿದ್ದವರು ಬಿಟ್ಟು ಹೋದಾಗ ಮಾಲಕರನ್ನು ಕೇಳಿದೆ. "ಮಾರ್ಕೆಟಿಂಗ್ ಡಿಗ್ರಿ ಇದ್ದವರು ಬೇಕಮ್ಮ" ಅಂದರು. ಮನೆಯಲ್ಲೇ ಕೂತು ಓದುವ ಡಿಗ್ರಿಗೆ ಹೆಸರು ಹಚ್ಚಿದೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಪುಸ್ತಕವನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಓದಿದೆ. ಮೂರು ವರ್ಷದ ಆ ಪುಸ್ತಕಗಳನ್ನು ಕೊಡವಿದರೆ ಈಗಲೂ ಜೋಳದ ಹಿಟ್ಟು ಉದುರುತ್ತದೆ.

ಕೊನೆಗೆ ಉಳಿದದ್ದು ಇಂಟರ್ನ್‌ಶಿಪ್. ಆರು ವಾರ ಒಂದು ಕಂಪನಿಯಲ್ಲಿ ಮಾರ್ಕೆಟಿಂಗ್ ಕೆಲಸ ಕಲಿತು, ಅವರಿಂದ ಪತ್ರ ತರಬೇಕು. ಮಾಲಕರ ಭಾವ ಹಿಂದೂ ಮಹಾಸಾಗರದ ಒಂದು ದ್ವೀಪದಲ್ಲಿ ನಮ್ಮದೇ ಕಲ್ಲು ಮಾರುತ್ತಾರೆ. ಅವರ ಹತ್ತಿರ ಕಳಿಸುತ್ತೇನೆ, ಅವರು ಒಳ್ಳೆಯ ಪತ್ರ ಕೊಟ್ಟರೆ ಕೋಣೆ ನಿನ್ನದು ಎಂದು ಮಾಲಕರು ಮಾತು ಕೊಟ್ಟರು. ಅವರ ಭಾವ ಫೋನಿನಲ್ಲಿ, "ಕೆಲಸ ಫ್ಲೆಕ್ಸಿಬಲ್ ಇರ್ತದ ಮೇಡಂ. ಟೈಮಿನ ತಕರಾರಿಲ್ಲ" ಎಂದರು. ಅವರು ಕಳಿಸಿದ ಕಾಗದದ ಮೇಲೆ ಸಮುದ್ರ, ಬಿಸಿಲು, ನಗುವ ಹುಡುಗ ಹುಡುಗಿಯರ ಚಿತ್ರವಿತ್ತು. ನನ್ನ ಗಂಡ ಜಹೀರಾಬಾದ್ ಬಸ್ಸಿನ ಕಂಡಕ್ಟರ್. ಆ ಚಿತ್ರವನ್ನು ಟಿಕೆಟು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು.

"ಬಿಸಿಲು ನೋಡಾಕ ಅಷ್ಟು ದೂರ ಹೋಗ್ತೀ? ನಮ್ಮ ನಾರಾಯಣಖೇಡ್ ಸ್ಟ್ಯಾಂಡಿನ್ಯಾಗ ಮಧ್ಯಾಹ್ನ ನಿಂದರು, ಪುಕ್ಕಟ ಸಿಗ್ತದ."

"ಅಲ್ಲಿ ನಿಂತ್ರ ಪತ್ರ ಯಾರು ಕೊಡ್ತಾರ, ನೀವು ಕೊಡ್ತೀರೇನು?"

"ಟಿಕೆಟ್ ಕೊಡ್ತೀನಲ್ಲ" ಅಂದರು. ಆಮೇಲೆ ತಾವೇ ಬಜಾರಿಗೆ ಹೋಗಿ ನನ್ನ ಚೀಲಕ್ಕೆ ಹೊಸ ಚೈನು ಹಾಕಿಸಿಕೊಂಡು ಬಂದರು.

ಒಣಗಿಸಿದ ಮೂವತ್ತು ಕಟಿ ರೊಟ್ಟಿ, ಹಚ್ಚಿಕೊಂಡು ತಿನ್ನಲು ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಂಡು ಹೋದೆ. ದ್ವೀಪದಲ್ಲಿ ನನಗೆ ಸಿಕ್ಕಿದ್ದು ತಗಡಿನ ಗೋದಾಮು, ಅದರ ಹಿಂದೊಂದು ಕೋಣೆ. ಸಮುದ್ರ ಕಾಣುತ್ತಿತ್ತು, ಹೌದು. ಗೋದಾಮಿನ ಚಾವಣಿಗೆ ಏಣಿ ಹಾಕಿ ಹತ್ತಿದರೆ. ಟೈಮಿನ ತಕರಾರಿಲ್ಲ ಎನ್ನುವುದರ ಅರ್ಥ ಎರಡನೆಯ ದಿನವೇ ತಿಳಿಯಿತು. ಬೆಳಕು ಚೆನ್ನಾಗಿರುತ್ತದೆಂದು ಬೆಳಿಗ್ಗೆ ಆರಕ್ಕೆ ಕಲ್ಲುಗಳ ಫೋಟೋ, ಹೋಟೆಲಿನವರು ಬಿಡುವಾಗಿರುತ್ತಾರೆಂದು ಮಧ್ಯಾಹ್ನ ಮೂರಕ್ಕೆ ಭೇಟಿ, ಮನೆ ಕಟ್ಟಿಸುವ ಗಿರಾಕಿಗಳು ಊಟ ಮುಗಿಸಿರುತ್ತಾರೆಂದು ರಾತ್ರಿ ಒಂಬತ್ತಕ್ಕೆ ಮೆಸೇಜು. ನಡುವೆ ಸಿಕ್ಕ ಹೊತ್ತು ನನ್ನದು. ಆಗ ಸೀರೆ ಒಗೆದು ಹಾಕುತ್ತಿದ್ದೆ. ಹತ್ತು ನಿಮಿಷಕ್ಕೆ ಒಣಗಿ ಹಪ್ಪಳವಾಗುತ್ತಿತ್ತು. ಬಿಸಿಲು ನಮ್ಮ ಕಡೆಯಂತೆ ತಲೆಗೆ ಹೊಡೆಯುತ್ತಿರಲಿಲ್ಲ. ಬೆವರು ಕಿತ್ತು, ಮೈಯೆಲ್ಲ ಉಪ್ಪು ಮಾಡಿ, ಸುಮ್ಮನೆ ಸುಸ್ತು ಮಾಡುತ್ತಿತ್ತು. ಕೆಮ್ಮು ಮಾತ್ರ ಕಡಿಮೆಯಾಯಿತು. ಮೂರನೆಯ ದಿನ ಬೆಳಿಗ್ಗೆ ಒಮ್ಮೆಯೂ ಕೆಮ್ಮದೆ ಎದ್ದೆ. ಗಾಜಿನ ಕೋಣೆಯಲ್ಲಿ ದಿನವೂ ಹೀಗೇ ಇರುತ್ತದೆ ಎಂದುಕೊಂಡೆ.

ಅಲ್ಲಿ ನಮ್ಮ ಮಾತು ಬಲ್ಲವನು ಒಬ್ಬನಿದ್ದ. ನಾಗಲಗಿದ್ದದ ಕಡೆಯವನು, ಫರಸಿ ಹಾಸುವ ಮೇಸ್ತ್ರಿ, ಅಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಮೊದಲ ದಿನ ನನ್ನ ರೊಟ್ಟಿಯ ವಾಸನೆಗೆ ಬಂದು ಬಾಗಿಲಲ್ಲಿ ನಿಂತ.

"ಅಕ್ಕೋರ, ಒಂದು ಕಟಿ ರೊಟ್ಟಿ ಸಿಗಬೇಕಂದ್ರ ಎಷ್ಟು ಫರಸಿ ಹಾಸಬೇಕು ಹೇಳ್ರಿ."

ಎರಡು ಕೊಟ್ಟೆ. ನಿಂತೇ ತಿಂದ.

ಎರಡನೆಯ ವಾರ ಒಬ್ಬ ವಯಸ್ಸಾದ ಹೆಂಗಸು ಗೋದಾಮಿಗೆ ಬಂದಳು. ಸಮುದ್ರದ ದಡದಲ್ಲಿ ಅವಳದು ಆರು ಕೋಣೆಯ ಚಿಕ್ಕ ವಸತಿಗೃಹ. ಅದರ ಅಂಗಳಕ್ಕೆ ಕಲ್ಲು ಬೇಕಾಗಿತ್ತು. ನಾನು ಹಾಕಿದ್ದ ಫೋಟೋ ತನ್ನ ಫೋನಿನಲ್ಲಿ ತೋರಿಸಿ, ಇದೇ ಬೇಕು, ಈ ನೀಲಿ, ಎಂದಳು. ಫೋಟೋದಲ್ಲಿದ್ದದ್ದು ನೀರು ಹಾಕಿದ ಕಲ್ಲು. ಒಣ ಫರಸಿಯ ಫೋಟೋ ತೆಗೆಯಬಹುದು ಎಂಬುದೇ ನನ್ನ ತಲೆಗೆ ಬಂದಿರಲಿಲ್ಲ. ತಾಂಡೂರಿನಲ್ಲಿ ಯಾರೂ ತೆಗೆಯುವುದಿಲ್ಲ. ಅವಳ ಮುಂದೆಯೂ ಅಭ್ಯಾಸದಂತೆ ಮಗ್ಗಿನಲ್ಲಿ ನೀರು ತಂದು ಹಾಕಿದೆ. ನಾನು ಕಲ್ಲಿನ ಧೂಳು ತೊಳೆಯುತ್ತಿದ್ದೇನೆ ಎಂದು ಅವಳು ತಿಳಿದಳು. ಥ್ಯಾಂಕ್ಯೂ ಅಂದಳು. ನಾನು ನಕ್ಕೆ.

ಪಾಲಿಶ್ ಮಾಡಿಸಬೇಕೆ ಎಂದು ಅವಳು ಕೇಳಿದಾಗ, ಅಂಗಳದಲ್ಲಿ ನೀರು ನಿಲ್ಲುತ್ತದೆ, ಜನ ಜಾರಿ ಬಿದ್ದಾರು, ಪಾಲಿಶ್ ಬೇಡ ಎಂದು ನಾನೇ ಹೇಳಿದೆ. ಸರಿಯಾದ ಸಲಹೆಯೇ. ಆದರೆ ಪಾಲಿಶ್ ಇಲ್ಲದಿದ್ದರೆ ಆ ನೀಲಿಯೂ ಇಲ್ಲ. ಹದಿನೇಳು ವರ್ಷ ನೀರು ಹಾಕಿದ ಕೈಗೆ ಅದು ಆ ದಿನ ಹೊಳೆಯಲಿಲ್ಲ. ನನ್ನ ಮೊದಲ ದೊಡ್ಡ ಆರ್ಡರು ಅದು. ಸೇಠರು, ಅಂದರೆ ಮಾಲಕರ ಭಾವ, ಖುಷಿಯಾಗಿ ಪತ್ರದಲ್ಲಿ ಇದನ್ನೇ ಮೊದಲು ಬರೆಯುತ್ತೇನೆ ಅಂದರು.

ಮೇಸ್ತ್ರಿ ಎರಡು ವಾರ ಕೂತು ಅಂಗಳ ಹಾಸಿದ. ಅಷ್ಟೂ ದಿನ ಕಲ್ಲಿನ ಮೇಲೆ ಸಿಮೆಂಟಿನ ಧೂಳೇ ಇತ್ತು. ಸಂದಿಗೆ ಸಿಮೆಂಟು ತುಂಬಿ, ತೊಳೆದು, ಬಂದ. ಮಾರನೆಯ ದಿನ ಆ ಹೆಂಗಸಿನ ಫೋನು. ನಾನೂ ಮೇಸ್ತ್ರಿಯೂ ಹೋದೆವು. ಅಂಗಳವೆಲ್ಲ ಬಿಸಿಲಿಗೆ ಬೆಳ್ಳಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ನನಗೆ ಅದು ದಿನವೂ ನೋಡುವ ಕಲ್ಲು, ಅದರಲ್ಲೇನೂ ತಪ್ಪು ಕಾಣಲಿಲ್ಲ. ಅವಳು ಜಗಳ ಮಾಡಲಿಲ್ಲ. ಒಳಗೆ ಹೋಗಿ ಮಗ್ಗಿನಲ್ಲಿ ನೀರು ತಂದು, ನಾನು ಹಾಕಿದ ಹಾಗೆಯೇ ಹಾಕಿದಳು. ನೀಲಿ ಬಂತು. ಮೂವರೂ ನಿಂತು ನೋಡಿದೆವು. ಅಂಚಿನಿಂದ ಒಣಗುತ್ತ ಬಂತು, ತಟ್ಟೆಯಷ್ಟಾಯಿತು, ಅಂಗೈಯಷ್ಟಾಯಿತು, ಹೋಯಿತು. "ನೀನು ಮಾರಿದ ಕಲ್ಲು ಎಲ್ಲಿ?" ಎಂದು ಕೇಳಿದಳು. ಆಗ ನನಗೆ ಎಲ್ಲಾ ತಿಳಿಯಿತು.

ಮೇಸ್ತ್ರಿ ಮೆಲ್ಲಗೆ, "ಅಕ್ಕೋರ, ಈಕಿಗಿ ನೀರಿನ ಮಾತು ಹೇಳಿದ್ದಿಲ್ಲೇನ್ರಿ?" ಎಂದ.

"ಎಲ್ಲಾರಿಗಿ ಗೊತ್ತಿರ್ತದ ಅನ್ಕೊಂಡಿದ್ನಪ್ಪ."

"ಎಲ್ಲಾರು ಅಂದ್ರ ತಾಂಡೂರಿನವರು ಏನ್ರಿ?"

ಸೇಠರಿಗೆ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಕಪಾಟಿನಿಂದ ಒಂದು ಡಬ್ಬಿ ತೆಗೆದಿಟ್ಟರು. ಕಲ್ಲಿಗೆ ಹಚ್ಚುವ ಎಣ್ಣೆಯಂಥ ಔಷಧಿ. ಹಚ್ಚಿದರೆ ಒದ್ದೆಯಾದಂತೆ ನೀಲಿ ಕಾಣುತ್ತದೆ.

"ಹಚ್ಚಿ ಕೊಡ್ರಿ ಮೇಡಂ. ಒಮ್ಮೆ ಹಚ್ಚಿದ್ರ ಆಯುಷ್ಯ ಪೂರಾ ಇರ್ತದ ಅಂತ ಹೇಳ್ರಿ. ನಿಮ್ಮ ಮ್ಯಾಲ ಆಕಿಗಿ ಭರೋಸಾ ಅದ."

"ಸೇಠ್‌ರ, ಇದು ಒಂದು ವರ್ಷದ ಮ್ಯಾಲ ತಡಿಯಂಗಿಲ್ರಿ. ತಾಂಡೂರಿನ್ಯಾಗ ನಮ್ಮ ಮಾಲಕರ ಪಡಸಾಲಿಗೇ ಹಚ್ಚಿದ್ರು. ಉಳ್ಳಾಗಡ್ಡಿ ಸಿಪ್ಪಿ ಎದ್ದಂಗ ಎದ್ದು ಹೋತು."

"ಒಂದು ವರ್ಷ ತಡೀತದಲ್ಲ? ನಿಮ್ಮ ಇಂಟರ್ನ್‌ಶಿಪ್ ಇನ್ನ ಎಷ್ಟು ದಿನ ಅದ?"

"ಒಂಬತ್ತು ದಿನ."

"ಮತ್ತ?" ಅಂದು ಅವರು ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. "ಹಿಂಗ ಗಿರಾಕಿನ್ನ ಸಂಭಾಳಿಸೋದೇ ಮಾರ್ಕೆಟಿಂಗ್. ಪತ್ರದಾಗ ಅದನ್ನೇ ಬರೀಬೇಕು ನಾನು."

ಡಬ್ಬಿ ಹಿಡಿದುಕೊಂಡು ಕೋಣೆಗೆ ಬಂದೆ. ಗಂಡನಿಗೆ ಫೋನು ಮಾಡಿದೆ. ಅವರು ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿದ್ದರು. ಹಿಂದೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಎಲ್ಲಾ ಕೇಳಿ, "ನೀ ಖರೇ ಹೇಳಂಗಿದ್ರ ಹೇಳು, ಬಿಡಂಗಿದ್ರ ಬಿಡು. ಕೆಮ್ಮು ಹ್ಯಾಂಗದ?" ಎಂದರು.

"ಇಲ್ಲಿ ಇಲ್ಲ."

"ಹಂಗಾದ್ರ ಯೋಚನಿ ಮಾಡಿ ಹೇಳು" ಅಂದರು. ಅವರಿಗೆ ಆ ಗಾಜಿನ ಕೋಣೆ ನನಗಿಂತ ಹೆಚ್ಚು ಬೇಕಾಗಿತ್ತು. ಮನೆಯಲ್ಲಿ ನಾನು ಕೆಮ್ಮುವಾಗ ಎದ್ದು ಬಿಸಿನೀರು ಕಾಯಿಸುವವರು ಅವರೇ.

ಮರುದಿನ ಡಬ್ಬಿಯೊಡನೆ ಹೋದೆ. ಸೇಠರ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಮೇಸ್ತ್ರಿ ಒಂದು ಕಲ್ಲಿಗೆ ಹಚ್ಚಿ ತೋರಿಸಿದ. ನೀಲಿ ಬಂತು, ನಿಂತಿತು. ಆ ಹೆಂಗಸಿನ ಮುಖ ಅರಳಿತು. ಮಂಡಿಯೂರಿ ಕೂತು ಕಲ್ಲಿನ ಮೇಲೆ ಕೈ ಆಡಿಸುತ್ತ, ಇದು ಎಷ್ಟು ದಿನ ಇರುತ್ತದೆ ಎಂದು ಕೇಳಿದಳು. ಬಾಯಿಪಾಠ ಮಾಡಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಕೈ ನೋಡಿದೆ. ವಸತಿಗೃಹದ ಆರೂ ಕೋಣೆಗಳನ್ನು ತಾನೇ ತೊಳೆಯುವ ಕೈ. ಉಗುರಿನ ಸುತ್ತ ಚರ್ಮ ಸುಲಿದಿತ್ತು. ವರ್ಷ ವರ್ಷ ಸಿಪ್ಪೆ ಎದ್ದ ಈ ಅಂಗಳವನ್ನು ಕೆರೆಯಬೇಕಾದದ್ದೂ ಅದೇ ಕೈ.

"ಒಂದು ವರ್ಷ. ಆಮೇಲೆ ಏಳುತ್ತದೆ" ಎಂದೆ. ತಪ್ಪು ನನ್ನದು, ನೀರು ಹಾಕಿ ತೋರಿಸಿದ್ದು ಧೂಳು ತೊಳೆಯಲು ಅಲ್ಲ ಎಂದೂ ಹೇಳಿದೆ. ನನ್ನ ಇಂಗ್ಲಿಷಿಗೆ ಅದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ಅವಳು ಪೂರ್ತಿ ಕೇಳಿ, ಮಂಡಿ ಹಿಡಿದುಕೊಂಡು ಎದ್ದು, ಒಣಗಿದಾಗಲೂ ಬಣ್ಣ ಹೋಗದ ಕಲ್ಲು ನಿಮ್ಮಲ್ಲಿ ಇಲ್ಲವೇ ಅಂದಳು.

ಇತ್ತು. ಹಳದಿ ಫರಸಿ. ನೀರು ಬಿದ್ದರೂ ಒಣಗಿದರೂ ಅದಕ್ಕೆ ಅಂಥ ವ್ಯತ್ಯಾಸವಿಲ್ಲ. ಅದಕ್ಕೇ ಅಷ್ಟು ಚೆಂದವೂ ಇಲ್ಲ. ಎರಡು ತುಂಡು ತಂದು ಅವಳ ಅಂಗಳದಲ್ಲಿ ಎರಡು ದಿನ ಬಿಟ್ಟೆ. ಮೂರನೆಯ ದಿನ ಅದೇ ಇರಲಿ ಅಂದಳು. ಸೇಠರು ಕಲ್ಲು ಬದಲಿಸಿ ಕೊಡಲೇಬೇಕಾಯಿತು. ನನ್ನೊಡನೆ ಮಾತು ಬಿಟ್ಟರು. ಮೇಸ್ತ್ರಿ ಬಿಡಲಿಲ್ಲ.

"ನೀವು ಖರೇ ಹೇಳಿದ್ರಿ ಅಕ್ಕೋರ, ನನ್ನ ನಡಾ ಹೋತು" ಎನ್ನುತ್ತ ಸಬ್ಬಲು ಹಾಕಿ ಒಂದೊಂದೇ ಕಲ್ಲು ಎಬ್ಬಿಸಿದ. "ಮುಂದಿನ ಸಲ ಖರೇ ಹೇಳೋದಿದ್ರ ಹಾಸೋಕ್ಕಿಂತ ಮೊದಲ ಹೇಳ್ರಿ." ಉಳಿದ ದಿನಗಳೆಲ್ಲ ನಾನು ಅವನ ಜೊತೆ ಕಲ್ಲು ಹಿಡಿದೆ, ಉಳಿದಿದ್ದ ರೊಟ್ಟಿಯನ್ನೆಲ್ಲ ಅವನಿಗೇ ಕೊಟ್ಟೆ. ಸಿಮೆಂಟಿನ ಧೂಳಿಗೆ ಕೆಮ್ಮು ತಿರುಗಿ ಬಂತು.

ಹೊರಡುವ ದಿನ ಸೇಠರು ಪತ್ರ ಕೊಟ್ಟರು. ಒಂದೇ ವಾಕ್ಯ: ಇವರು ಆರು ವಾರ ಹಾಜರಿದ್ದರು. ಮನೆಗೆ ಬಂದ ಮೇಲೆ ಗಂಡ ಅದನ್ನು ಓದಿ, "ಹಾಜರಿ ಕೊಟ್ಟಾನಲ್ಲ. ನಮ್ಮ ಸಾಲ್ಯಾಗ ನನಗ ಅದೂ ಸಿಕ್ಕಿದ್ದಿಲ್ಲ" ಅಂದರು. ನಾನು ನಕ್ಕೆ. ನಕ್ಕರೆ ಕೆಮ್ಮು ಬರುತ್ತದೆ. ಅವರು ಎದ್ದು ನೀರು ಕಾಯಿಸಿದರು.

ಕಾಲೇಜಿಗೆ ಆ ವಾಕ್ಯ ಸಾಕಾಯಿತು, ಡಿಗ್ರಿ ಬಂತು. ಮಾಲಕರಿಗೆ ಸಾಕಾಗಲಿಲ್ಲ. ಪತ್ರವನ್ನು ಮಡಚಿ ವಾಪಸು ಕೊಟ್ಟು, "ನೋಡೋಣಮ್ಮ" ಅಂದರು. ಗಾಜಿನ ಕೋಣೆಯಲ್ಲಿ ಈಗ ಹೈದರಾಬಾದಿನಿಂದ ಬಂದ ಒಬ್ಬರು ಕೂರುತ್ತಾರೆ. ಒಳ್ಳೆಯವರು, ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಾರೆ.

ಹೋದ ವಾರ ಜಹೀರಾಬಾದಿನಿಂದ ಗಂಡ ಹೆಂಡತಿ ಬಂದಿದ್ದರು, ಹೊಸ ಮನೆಯ ಅಂಗಳಕ್ಕೆ ನೀಲಿ ಫರಸಿ ನೋಡಲು. ಕುಡಿಯಲು ನೀರು ಕೊಟ್ಟೆ. ಕಲ್ಲಿಗೆ ನೀರು ಹಾಕಿದೆ. ನೋಡಿ ಒಪ್ಪಿ, ಲೋಡು ಯಾವಾಗ ಕಳಿಸುತ್ತೀರಿ ಎಂದು ಕೇಳಿದರು.

"ಜರಾ ಕೂಡ್ರಿ" ಎಂದು ಎರಡು ಕುರ್ಚಿ ಎಳೆದು ಕೊಟ್ಟೆ. "ಅಂಗಳಕ್ಕ ಪಾಲಿಶ್ ಇಲ್ಲದ್ದು ಹಾಸ್ತೀರಿ. ಒಣಗಿದ ಮ್ಯಾಲ ಒಮ್ಮಿ ನೋಡ್ರಿ."

"ನಮಗ ಗೊತ್ತದ ಬಿಡ್ರಿ ಅಕ್ಕೋರ. ಬಸ್ಸು ಹೋಗ್ತದ" ಎಂದ ಆತ.

"ಬಸ್ಸು ನಮ್ಮ ಮನೆಯವರದೇ. ನಿಲ್ಲಿಸ್ತಾರ."

ಹೆಂಡತಿ ಕೂತಳು. ಗಂಡನೂ ಕೂತ. ಅಂದು ಮೋಡವಿತ್ತು, ಕಲ್ಲು ಬೇಗ ಒಣಗಲಿಲ್ಲ.