ತಾರಿಹಾಳದ ನೀರಾ ಮತ್ತು ಅಜ್ಜನ ನಾಲಿಗೆ

ಮೊನ್ನೆ ಮೊಮ್ಮಗಳು ಬಿಳಿ ವೈನಿನ ಬಾಟಲಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡು, ಈ ಬೇಸಿಗೆಗೆ ಯಾವುದು ತಂಪು ಎಂದು ಒಂದೊಂದನ್ನೇ ಮೂಸುತ್ತಿದ್ದಳು. ಎಲ್ಲರೂ ಕುಡಿಯುವಂಥದ್ದು ಬೇಡವಂತೆ, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ್ದೇ ಬೇಕಂತೆ. ನಾನೂ ಮೂಗು ಮುಂದೆ ಮಾಡಿದೆ.

"ಅಜ್ಜಿ, ನಿನಗ ಇದೆಲ್ಲಾ ತಿಳ್ಯಾಂಗಿಲ್ಲ, ಬಿಡು" ಎಂದಳು.

ತಿಳಿಯದೇನು! ಅವಳು ಹುಟ್ಟುವುದಿರಲಿ, ಅವಳ ಅಪ್ಪ ಹುಟ್ಟುವುದಕ್ಕೂ ಎಷ್ಟೋ ಮುಂಚೆ, ಲಂಗ ಎತ್ತಿ ಕಟ್ಟಿಕೊಂಡು ಓಡಾಡುವ ವಯಸ್ಸಿನಲ್ಲೇ ನಾನು ಮೂರು ಊರಿನ ರಸ ಕುಡಿದು, ಇದೇ ಛಲೋ ಎಂದು ತೀರ್ಪು ಕೊಟ್ಟವಳು. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತಾಳೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಗಷ್ಟೇ ಕಲಿತಿದ್ದೇನೆ. ಬರೆದು ಕಳಿಸಿಬಿಟ್ಟರೆ ಓದದೆ ಎಲ್ಲಿಗೆ ಹೋಗುತ್ತಾಳೆ?

ನಾನು ಹೇಳುತ್ತಿರುವುದು ನೀರಾದ ಮಾತು. ಈಚಲ ಮರಕ್ಕೆ ಕಚ್ಚು ಹಾಕಿ, ಒಳಗೆ ಸುಣ್ಣ ಬಳಿದ ಗಡಿಗೆಯನ್ನು ಸಂಜೆ ಕಟ್ಟಿಬಿಟ್ಟರೆ ಬೆಳಗಿನೊಳಗೆ ಹನಿಹನಿಯಾಗಿ ರಸ ತುಂಬಿರುತ್ತದೆ. ಎಳನೀರಿಗೆ ಒಂದು ಚಮಚ ಹಾಲು ಬಿದ್ದಂಥ ಬಿಳುಪು. ಬಿಸಿಲೇರುವ ಮುಂಚೆ ಕುಡಿದರೆ ಅದು ನೀರಾ, ಮಕ್ಕಳೂ ಕುಡಿಯಬಹುದು. ಸುಣ್ಣದ ಗಡಿಗೆ ತಪ್ಪಿಸಿ ಬಿಸಿಲಿಗೆ ಬಿಟ್ಟರೆ ಹುಳಿಯೇರಿ, ನೊರೆಗಟ್ಟಿ ಶೇಂದಿಯಾಗುತ್ತದೆ. ಆಮೇಲೆ ಅದನ್ನು ಕುಡಿದವರ ಕಾಲು ನೆಟ್ಟಗೆ ನಿಲ್ಲುವುದಿಲ್ಲ.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ದೊಡ್ಡವರ್ಯಾರ ಬಾಯಿಗೂ ನೀರು ಬೀಳುತ್ತಿರಲಿಲ್ಲ. ಅಜ್ಜನದು ಅರಳೆಯ ವ್ಯಾಪಾರ, ದೊಡ್ಡ ದುಕಾನು. ಅಪ್ಪನ ತಮ್ಮ, ನನ್ನ ಕಾಕಾ, ಖಾದಿ ಟೋಪಿ ಹಾಕಿಕೊಂಡು ಚಳವಳಿಯವರ ಜೊತೆ ತಿರುಗುತ್ತಿದ್ದ. ಜನ ಶೇಂದಿ ಬಿಡಬೇಕಾದರೆ ಅವರಿಗೆ ನೀರಾ ಕುಡಿಸಬೇಕು ಎಂಬುದು ಅವನ ತಲೆಯೊಳಗೆ ಹೊಕ್ಕಿತ್ತು. ದುಕಾನಿನ ಮುಂದೆಯೇ ಒಂದು ನೀರಾ ಅಂಗಡಿ ಇಡುತ್ತೇನೆ ಎಂದ.

"ಲಿಂಗಾ ಕಟ್ಟಿದವರ ದುಕಾನದ ಮುಂದ ಶೇಂದಿ ಮಾರ್ತಿಯೇನೋ?" ಎಂದು ಅಜ್ಜ ಗುಡುಗಿದರು.

"ಅಪ್ಪಾರ, ಇದು ಶೇಂದಿ ಅಲ್ರೀ. ಒಂದ ಸಲ ಕುಡದ ನೋಡ್ರಿ."

ಬಹಳ ಜಗ್ಗಾಡಿದ ಮೇಲೆ ಒಂದು ಕರಾರು ಆಯಿತು. ಬಸವ ಜಯಂತಿಯ ಬೆಳಿಗ್ಗೆ ಪೂಜೆ ಮುಗಿಸಿ ಅಜ್ಜ ಒಂದು ಲೋಟ ನೀರಾ ಕುಡಿಯುವುದು. ಅದರಲ್ಲಿ ಶೇಂದಿಯ ವಾಸನೆ ಒಂದಿಷ್ಟೂ ಇಲ್ಲದಿದ್ದರೆ ಕಾಕಾ ಅಂಗಡಿ ಇಡಬಹುದು. ಇದ್ದರೆ ಟೋಪಿ ಗೂಟಕ್ಕೆ ಸಿಕ್ಕಿಸಿ, ಮರುದಿನದಿಂದಲೇ ಅರಳೆ ದುಕಾನಿನ ಗಾದಿಯ ಮೇಲೆ ಕೂಡಬೇಕು. ಕಾಕಾನಿಗೆ ಅರಳೆಯ ಧೂಳು ಮೂಗಿಗೆ ಬಡಿದರೆ ಸಾಕು, ಒಂದರ ಹಿಂದೊಂದು ಸೀನು ಬಂದು ಕಣ್ಣು ಕೆಂಪಾಗಿ ಕುರಿಮರಿಯ ಹಾಗೆ ಕಾಣುತ್ತಿದ್ದ. ಜನ್ಮವಿಡೀ ಆ ಗಾದಿಯ ಮೇಲೆ ಕೂಡುವುದು ಎಂದರೆ ಅವನಿಗೆ ಜೇಲು.

"ಛಲೋ ನೀರಾ ಯಾವ ಊರಾಗ ಸಿಗತೈತಿ ನೋಡಾಕ ಈ ಹುಡಿಗೀನ ಕರಕೊಂಡ ಹೋಗು" ಎಂದರು ಅಜ್ಜ ನನ್ನನ್ನು ತೋರಿಸಿ. "ಇದರ ನಾಲಿಗಿ ಭಾಳ ಚುರುಕ. ಬ್ಯಾಳ್ಯಾಗ ಉಪ್ಪ ಒಂದ ಹರಳ ಹೆಚ್ಚಾದ್ರ ಓಣಿಗೆಲ್ಲಾ ಸಾರತೈತಿ."

ನನಗೆ ಹಿಡಿಸಲಾರದಷ್ಟು ಹಿಗ್ಗು! ಶಾಲೆಗೆ ಬೇಸಿಗೆಯ ಸೂಟಿ ಬೇರೆ. ಧಾರವಾಡದ ಸೋದರತ್ತೆಯ ಮನೆಗೆ ಹೋಗಿ ಉಳಿದು, ನಸುಕಿನಲ್ಲಿ ಕೆಲಗೇರಿ ಕೆರೆಯ ದಂಡೆಗೆ ನಡೆದೆವು. ಗಡಿಗೆ ಇಳಿಸಿದವರು ಎಲೆಯ ದೊನ್ನೆಯಲ್ಲಿ ಹಾಕಿಕೊಟ್ಟರು. ಕೆರೆಯ ಗಾಳಿಯಲ್ಲಿ ಹಲ್ಲು ಕಟಕಟ ಅನ್ನುವಷ್ಟು ತಂಪಾಗಿತ್ತು. ಆದರೆ ರುಚಿ ಬಲು ತೆಳು.

"ಕಾಕಾ, ಇದು ಸಕ್ಕರಿ ಡಬ್ಬಿ ತೊಳದ ನೀರಿನಂಗ ಐತಿ."

"ಬಾಯಿ ಮುಚ್ಚ, ಇಳಿಸಿದವರು ಕೇಳ್ಯಾರು!"

ಇನ್ನೊಮ್ಮೆ ಸುಳ್ಳ ಎಂಬ ಊರಿಗೆ ಹೋದೆವು. ಅಜ್ಜನಿಗೆ ಹತ್ತಿ ಹಾಕುವ ರೈತರೊಬ್ಬರ ಮನೆಯಲ್ಲಿ ಉಳಿದೆವು. ಎರೆಮಣ್ಣಿನ ಆ ನೀರಾ ಬೆಲ್ಲದ ಪಾಕದ ಹಾಗೆ ದಪ್ಪ. ಮೊದಲ ಗುಟುಕಿಗೆ ನಾನು ಕುಣಿದೆ, ಮೂರನೆಯದಕ್ಕೆ ಗಂಟಲು ಅಂಟಿತು.

"ಇದನ್ನ ಕುಡದ ಮ್ಯಾಲೆ ಒಂದ ಕೊಡಾ ನೀರ ಕುಡೀಬೇಕಾಗತೈತಿ. ಬ್ಯಾಸಗಿಗೆ ಆಗೂದಿಲ್ಲ" ಎಂದೆ. ಕಾಕಾ ನಗುತ್ತಾ ಅಲ್ಲಿಯೂ ನನ್ನ ಬಾಯಿ ಮುಚ್ಚಿದ.

ತಾರಿಹಾಳ ಹುಬ್ಬಳ್ಳಿಗೆ ಹತ್ತಿರ. ಈಗ ಅಲ್ಲಿ ಎಲ್ಲಿ ನೋಡಿದರೂ ಕಾರ್ಖಾನೆ. ಆಗ ಹಳ್ಳದ ದಂಡೆಗೆ ಈಚಲ ಮರಗಳು ಸಾಲಾಗಿ ನಿಂತಿದ್ದವು. ಅಲ್ಲಿಯ ನೀರಾ ನಾಲಿಗೆಗೆ ಬಿದ್ದಾಗ ಸಿಹಿ, ಇಳಿಯುವಾಗ ಎಳೆ ಮಾವಿನಕಾಯಿಯ ನೆನಪಿನಷ್ಟು ಹುಳಿ, ಇಳಿದ ಮೇಲೆ ಬಾಯಿ ಸ್ವಚ್ಛ. ನಾನು ದೊನ್ನೆ ನೆಕ್ಕಿದೆ. ಕಾಕಾ ನನ್ನ ಮಾರಿಯನ್ನೇ ನೋಡುತ್ತಿದ್ದ.

"ಏನ ಅಂತೀದಿ?"

"ಕಾಕಾ, ಇದ! ಇದನ್ನ ಬಿಟ್ಟ ಬ್ಯಾರೆ ಬ್ಯಾಡ!"

ಅವನು ನನ್ನನ್ನು ಎತ್ತಿ ಗರಗರ ತಿರುಗಿಸಿಬಿಟ್ಟ.

ಬಸವ ಜಯಂತಿಯ ದಿನ ಬೆಳಕು ಹರಿಯುವುದರೊಳಗೆ ಕಾಕಾ ತಾರಿಹಾಳದಿಂದ ಗಡಿಗೆ ತಂದು ನೀರಿನ ಕೋಣೆಯ ಮೂಲೆಯಲ್ಲಿ ಇಟ್ಟ. ಆಯಿಗೆ, ಅಂದರೆ ನನ್ನ ಅಜ್ಜಿಗೆ, "ಅವ್ವಾ, ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ, ಜಳಕ ಮಾಡಿ, ಮೆರವಣಿಗೆಯ ತಯಾರಿಗೆ ಓಡಿದ. ನನ್ನನ್ನೂ ಕರೆದುಕೊಂಡು ಹೋದ.

ಆ ಗಡಿಗೆ ನೋಡಲು ಚೆಂದವಿರಲಿಲ್ಲ. ಬಾಯಿಯ ಸುತ್ತ ಸುಣ್ಣ ಸೋರಿ ಒಣಗಿತ್ತು. ಹಬ್ಬದ ದಿನ, ಪೂಜೆ ಮಾಡಿ ಎದ್ದ ಗಂಡನಿಗೆ ಇಂಥ ಗಡಿಗೆಯದನ್ನು ಹೇಗೆ ಕೊಡುವುದು ಎಂದು ಆಯಿಯ ಜೀವ ತಡೆಯಲಿಲ್ಲ. ತನ್ನ ಮಜ್ಜಿಗೆಯ ಗಡಿಗೆಯನ್ನು ಬೂದಿ ಹಚ್ಚಿ ತಿಕ್ಕಿ, ನೀರಾವನ್ನೆಲ್ಲ ಅದಕ್ಕೆ ಬಗ್ಗಿಸಿ, ಹೂವು ಸುತ್ತಿ, ಎಲ್ಲರಿಗೂ ಕಾಣಲೆಂದು ಅಂಗಳದ ಕಟ್ಟೆಯ ಮೇಲೆ ಇಟ್ಟಳು. ಕಟ್ಟೆಯ ಮೇಲೆ ಚೈತ್ರ ದಾಟಿದ ಬಿಸಿಲು ಏರುತ್ತಿತ್ತು. ಅಜ್ಜನ ಪೂಜೆಯಂತೂ ಆ ದಿನ ಮುಗಿಯಲೊಲ್ಲದು.

ನಾವು ಮನೆಗೆ ಬಂದಾಗ ಅಜ್ಜ ಹಣೆಯ ತುಂಬ ವಿಭೂತಿ ಧರಿಸಿ ಪಡಸಾಲೆಯಲ್ಲಿ ಕೂತಿದ್ದರು. ಆಯಿ ಆಗಲೇ ಒಂದು ಲೋಟ ಕೊಟ್ಟಾಗಿತ್ತು. ಎರಡನೆಯದು ಅವರ ಕೈಯಲ್ಲಿತ್ತು.

"ಬಾರೋ ಹುಲಿ!" ಎಂದರು ಕಾಕಾನಿಗೆ. ಅವರು ಮಗನನ್ನು ಹುಲಿ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಗಂಟಲದಾಗ ಹೆಂಗ ಚುರ್ ಅಂತೈತೋ! ಇಷ್ಟ ದಿನಾ ಯಾಕ ಕುಡಸಲಿಲ್ಲೋ ಮಗನ? ಏ, ಇನ್ನೊಂದ ಲೋಟಾ ತಾ. ನಾಳಿಗೇ ಅಂಗಡಿ ಇಡು!"

ಕಾಕಾನ ಮಾರಿ ದೀಪ ಹಚ್ಚಿದ ಹಾಗೆ ಬೆಳಗಿತು. ನನಗೂ ಕುಣಿಯುವಷ್ಟು ಖುಷಿ. ನಮ್ಮ ತಾರಿಹಾಳ ಗೆದ್ದಿತ್ತು! ಕಟ್ಟೆಯ ಹತ್ತಿರ ಓಡಿ ಗಡಿಗೆಯೊಳಗೆ ಬೆರಳದ್ದಿ ನೆಕ್ಕಿದೆ. ನಾಲಿಗೆ ಚುರುಗುಟ್ಟಿತು. ಮೇಲೆ ನೊರೆ ಪಿಸಿಪಿಸಿ ಅನ್ನುತ್ತಿತ್ತು.

"ಕಾಕಾ, ಇದು ನಮ್ಮದಲ್ಲ!"

ಕಾಕಾ ಬಂದು ಗಡಿಗೆ ನೋಡಿದ, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡ. ಮಾರಿ ಸುಣ್ಣವಾಯಿತು. ಪಡಸಾಲೆಯಲ್ಲಿ ಅಜ್ಜ ಮೂರನೆಯ ಲೋಟ ಮುಗಿಸಿ, ತಮ್ಮ ಮದುವೆಯಲ್ಲಿ ಬೀಗರ ಕುದುರೆ ಹೆದರಿ ಓಡಿದ ಕಥೆಯನ್ನು ಆಯಿಗೆ ಹೇಳಿ ಹೇಳಿ ನಗುತ್ತಿದ್ದರು. ಕಾಕಾ ಸುಮ್ಮನಿದ್ದರೆ ಸಾಕಿತ್ತು, ಅಂಗಡಿ ಅವನದೇ. ಅವನು ನನ್ನ ಕಡೆ ನೋಡಿದ, ಗಡಿಗೆಯ ಕಡೆ ನೋಡಿದ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ನಡೆದ.

"ಅಪ್ಪಾರ, ಸಾಕ್ರೀ, ಕುಡೀಬ್ಯಾಡ್ರಿ. ಇದು ಶೇಂದಿ ಆಗೇತಿ."

ಅಜ್ಜನ ನಗು ಅರ್ಧಕ್ಕೆ ನಿಂತಿತು.

"ಆಗೇತಿ ಅಂದ್ರ? ಯಾರ ಮಾಡಿದ್ರು?"

ಕಾಕಾ ಅವ್ವನ ಹೆಸರು ಹೇಳಲೊಲ್ಲ, ಟೋಪಿ ಮಡಚುತ್ತಾ ನಿಂತ. ನೀರಿನ ಕೋಣೆಯ ಮೂಲೆಯಲ್ಲಿ ಸುಣ್ಣದ ಗಡಿಗೆ ಹೊಳೆಯುವಂತೆ ತೊಳೆದು ಬೋರಲು ಹಾಕಿದ್ದು ಅವನಿಗೆ ಕಂಡಿತ್ತು. ಆಯಿಯೇ ಸೆರಗು ಸರಿಮಾಡಿಕೊಂಡಳು.

"ಗಡಿಗಿ ನಾ ಬದಲ ಮಾಡಿದ್ನಿರಿ. ಹಬ್ಬದ ದಿನ ಹೊಲಸ ಗಡಿಗ್ಯಾಗಿಂದ ಹೆಂಗ ಕೊಡ್ಲಿ? ಹುಡುಗಂದೇನೂ ತಪ್ಪಿಲ್ಲ."

ಅಜ್ಜ ಲೋಟ ನೋಡಿದರು, ಹೆಂಡತಿಯನ್ನು ನೋಡಿದರು.

"ಇಷ್ಟ ವರ್ಷ ಸಂಸಾರ ಮಾಡಿ ಕಡೀಕ ನೀನ ನನಗ ಶೇಂದಿ ಕುಡಸಿದಿ?"

"ನಾ ಕೊಟ್ಟದ್ದು ಒಂದ ಲೋಟಾರಿ. ಉಳದದ್ದೆಲ್ಲಾ ನೀವ ಕೇಳಿ ಹಾಕಿಸ್ಕೊಂಡ್ರಿ."

ಅಜ್ಜ ಎದ್ದು ಎರಡನೆಯ ಸಲ ಜಳಕ ಮಾಡಿದರು. ಆಮೇಲೆ ದಿನವಿಡೀ ಪಡಸಾಲೆ ಬಿಟ್ಟು ಏಳಲಿಲ್ಲ. ಕಾಕಾ ಟೋಪಿಯನ್ನು ತಾನೇ ಗೂಟಕ್ಕೆ ಸಿಕ್ಕಿಸಿ, ದುಕಾನಿಗೆ ಹೋಗಿ ಗಾದಿ ಝಾಡಿಸಲು ಶುರುಮಾಡಿದ. ಅವನ ಸೀನು ಮನೆಯವರೆಗೆ ಕೇಳಿಸುತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು ಒಂದೊಂದು ಸೀನಿಗೂ ಅಜ್ಜನ ಮಾರಿ ನೋಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅಜ್ಜ ನನ್ನನ್ನು ಹತ್ತಿರ ಕರೆದರು. "ಅವನ್ನ ಕರಿ. ಆ ಸೀನ ಕೇಳಿ ಕೇಳಿ ನನ್ನ ತಲಿ ಸಿಡ್ಯಾಕತ್ತೇತಿ."

ಕಾಕಾ ಬಂದು ನಿಂತ.

"ಸುಮ್ಮನಿದ್ರ ಅಂಗಡಿ ಸಿಗತಿತ್ತು. ಯಾಕ ಹೇಳಿದಿ?"

"ನಿಮಗ ಸುಳ್ಳ ಹೇಳಿ ಊರಿಗೆ ಏನ ಖರೇ ಮಾರಲ್ರೀ?"

ಅಜ್ಜ ಮೀಸೆ ತಿರುವಿದರು. "ನಾಳಿ ನಸಿಕಿಲೆ ಗಾಡಿ ಹೂಡಾಕ ಹೇಳು. ಗಿಡದ ಬುಡಕ್ಕ ನಾನ ಬಂದ ಕುಡೀತೇನಿ. ನಡುವ ನಿಮ್ಮವ್ವನ ಗಡಿಗಿ ಬರಬಾರ್ದು."

ಮರುದಿನ ತಾರಿಹಾಳದ ಹಳ್ಳದ ದಂಡೆಯಲ್ಲಿ, ಸೂರ್ಯ ಇನ್ನೂ ತಲೆ ಎತ್ತಿರಲಿಲ್ಲ. ಪೂಜೆ ಮುಗಿಸಿಕೊಂಡೇ ಬಂದಿದ್ದ ಅಜ್ಜ ದೊನ್ನೆ ಹಿಡಿದು ನಿಂತರು. ಮೂಸಿದರು. ಗುಟುಕರಿಸಿದರು. ಕಣ್ಣು ಮುಚ್ಚಿದರು. ಕಾಕಾ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದ ಎಂದರೆ ಬಳೆ ಚುಚ್ಚುತ್ತಿತ್ತು.

"ಶೇಂದಿ ಅಲ್ಲ" ಎಂದರು ಅಜ್ಜ. "ಇಡು ಅಂಗಡಿ."

ನಾನು ಕೂಗಿದ ಕೂಗಿಗೆ ಮರದ ಮೇಲಿನ ಗಿಳಿಗಳೆಲ್ಲ ಹಾರಿದವು. ಗಾಡಿ ಹತ್ತುವಾಗ ಅಜ್ಜ ನನ್ನ ಕಿವಿಯ ಹತ್ತಿರ ಬಾಗಿ, "ಖರೇ ಹೇಳಬೇಕಂದ್ರ, ನಿನ್ನಿದು ಇದಕ್ಕಿಂತ ರುಚಿ ಇತ್ತು. ಆಯಿಗೆ ಹೇಳಿಗೀಳೀ ಮತ್ತ!" ಎಂದರು.

ಮನೆ ಮುಟ್ಟಿ ಅಜ್ಜ ಚಪ್ಪಲಿ ಬಿಡುವುದರೊಳಗೆ ನಾನು ಅಡಿಗೆಮನೆಯಲ್ಲಿದ್ದೆ. ಆಯಿ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಲೇ ಇಲ್ಲ.

"ಅದನ್ನ ನೀ ಬಂದ ಹೇಳಬೇಕೇನ? ಮೂರನೇ ಲೋಟಾ ಕೇಳಿದಾಗನ ನನಗ ತಿಳದಿತ್ತು."